ನಡುವಿನಿಂದ ಬಲಕ್ಕೆ ಒಂದು ಗೇಣು

ನನ್ನ ಆಟೋದ ಸೀಟಿನ ಕೆಳಗೆ ಒಂದು ಪ್ಲಾಸ್ಟಿಕ್ ಚೀಲವಿದೆ. ಆರ್‌ಸಿ, ಇನ್ಶೂರೆನ್ಸು, ಹೊಗೆ ತಪಾಸಣೆಯ ಕಾಗದ, ಇವುಗಳ ನಡುವೆ ನಾಲ್ಕು ಮಡಿಕೆಯ ಒಂದು ಚೀಟಿ ಇದೆ. ಅದರಲ್ಲಿ ದಾವಣಗೆರೆಯ ಒಬ್ಬ ಕಣ್ಣಿನ ಡಾಕ್ಟರ ವಿಳಾಸ, ಅದರ ಕೆಳಗೆ ‘ಈ ವಾರವೇ ತೋರಿಸಿ’ ಎಂದು ಬರೆದಿದೆ. ಆ ವಾರ ಕಳೆದು ನಾಲ್ಕು ವರ್ಷವಾಯಿತು. ಚೀಟಿ ನನ್ನ ತಂಗಿಗೆ ಸೇರಬೇಕಾದದ್ದು. ಅಂಥದೊಂದು ಇದೆ ಎಂಬುದೇ ಅವಳಿಗೆ ಗೊತ್ತಿಲ್ಲ.

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಕೊಟ್ಟೂರಿನ ಹತ್ತಿರ ನಮ್ಮ ಹಳ್ಳಿ. ಅಪ್ಪ ತೀರಿಕೊಂಡ ಮೇಲೆ ಕುರಿಗಳನ್ನು ಅವ್ವ ಮತ್ತು ತಂಗಿ ನೋಡಿಕೊಂಡರು, ನಾನು ಲಗೇಜ್ ಆಟೋ ಹಿಡಿದೆ. ಕುರಿ, ಮೆಕ್ಕೆಜೋಳ, ಮದುವೆ ಮನೆಯ ಪಾತ್ರೆ, ಏನು ಹೇರಿದರೂ ಒಯ್ಯುತ್ತಿದ್ದೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಎಲ್ಲ ಸಂತೆಗಳಲ್ಲೂ ಗುರುತಿನವರಿದ್ದರು. ಆ ಗುರುತಿನಿಂದಲೇ ನನಗೆ ಆ ಕೆಲಸ ಸಿಕ್ಕಿತು.

ಬೆಂಗಳೂರಿನಿಂದ ಮೂವರು ಬಂದಿದ್ದರು. ಅವರಲ್ಲಿ ಹಿರಿಯರು ಒಬ್ಬ ಹೆಣ್ಣುಮಗಳು, ಎಲ್ಲರೂ ಮೇಡಂ ಎನ್ನುತ್ತಿದ್ದರು. ಆಸ್ಪತ್ರೆಗೆ ಬಂದವರು ಸಾಲಿನಲ್ಲಿ ನಿಂತು ಚೀಟಿ ಮಾಡಿಸುವ ಬದಲು, ತಾವೇ ಒಂದು ದೊಡ್ಡ ಗಾಜಿನ ಪರದೆ ಮುಟ್ಟಿ ಚೀಟಿ ತೆಗೆದುಕೊಳ್ಳುವ ಯಂತ್ರವೊಂದು ತಯಾರಾಗುತ್ತಿತ್ತು. ಅದು ನಮ್ಮಂಥ ಜನರ ಕೈಗೆ ಒಗ್ಗುತ್ತದೋ ಇಲ್ಲವೋ ಎಂದು ಮೊದಲೇ ನೋಡುವುದು ಇವರ ಕೆಲಸ. ಐದು ಊರುಗಳಲ್ಲಿ ಐದು ಕೋಣೆ ಬಾಡಿಗೆಗೆ ಹಿಡಿದಿದ್ದರು. ಯಂತ್ರವನ್ನು ನನ್ನ ಆಟೋದಲ್ಲಿ ಒಂದೂರಿನಿಂದ ಇನ್ನೊಂದೂರಿಗೆ ಒಯ್ಯಬೇಕಿತ್ತು. ಎರಡನೆಯ ದಿನವೇ ಮೇಡಂ, ಜನರನ್ನೂ ನೀವೇ ಕರೆದುಕೊಂಡು ಬರುತ್ತೀರಾ ಎಂದು ಕೇಳಿದರು. ಓದಲು ಬಾರದವರು ಇಷ್ಟು, ವಯಸ್ಸಾದವರು ಇಷ್ಟು, ಕಣ್ಣು ಮಂಜಾದವರು ಇಷ್ಟು ಎಂದು ಒಂದು ಪಟ್ಟಿ ಕೊಟ್ಟರು. ಒಬ್ಬೊಬ್ಬರಿಗೂ ಒಂದು ಹಾಳೆ. ಅದರಲ್ಲಿ ‘ಕಣ್ಣಿನ ತೊಂದರೆ ಇದೆಯೇ’ ಎಂಬ ಒಂದು ಪ್ರಶ್ನೆಯಿತ್ತು. ಅದನ್ನು ಕೇಳಿ ತುಂಬುವವನು ನಾನೇ.

ಕೋಣೆಯಲ್ಲಿ ನನಗೆ ಒಂದೇ ನಿಯಮ. ಹಿಂದೆ ಕುರ್ಚಿ ಹಾಕಿಕೊಂಡು ಕೂರಬಹುದು, ಬಾಯಿ ಬಿಡಬಾರದು. ಬಂದವರು ಎಷ್ಟೇ ಪರದಾಡಿದರೂ ಹೇಳಿಕೊಡಬಾರದು, ಸನ್ನೆಯನ್ನೂ ಮಾಡಬಾರದು. “ನಾವು ಜನರನ್ನ ಪರೀಕ್ಷೆ ಮಾಡ್ತಿಲ್ಲ, ಈ ಯಂತ್ರವನ್ನ ಪರೀಕ್ಷೆ ಮಾಡ್ತಿದ್ದೀವಿ. ಅವರು ತಪ್ಪಿದರೆ ತಪ್ಪು ಯಂತ್ರದ್ದು” ಎಂದು ಮೇಡಂ ಪ್ರತಿಯೊಬ್ಬರಿಗೂ ಹೇಳುತ್ತಿದ್ದರು. ಯಾರೂ ನಂಬುತ್ತಿರಲಿಲ್ಲ. ನಮ್ಮ ಕಡೆ ಕುರ್ಚಿಯ ಮೇಲೆ ಕೂರಿಸಿ ಎದುರಿಗೆ ಒಬ್ಬರು ಪೆನ್ನು ಹಿಡಿದರೆ, ಪರೀಕ್ಷೆ ನಮ್ಮದೇ.

ಪರೀಕ್ಷೆಯ ಮೊದಲ ದಿನ ಬಂದವರು ಹಿರೇಹಡಗಲಿಯ ಒಬ್ಬ ಅಜ್ಜ ಮಾತ್ರ. ಕುರಿ ವ್ಯಾಪಾರದಲ್ಲಿ ಅವರ ಮಾತನ್ನು ಯಾರೂ ಮೀರುತ್ತಿರಲಿಲ್ಲ. ಮೇಡಂ ಅವರನ್ನು ಪರದೆಯ ಮುಂದೆ ಕೂರಿಸಿ, “ಅಜ್ಜಾ, ಮನಸ್ಸಿಗೆ ಏನು ಬರುತ್ತೋ ಅದನ್ನ ಬಾಯಿಬಿಟ್ಟು ಹೇಳ್ತಾ ಹೇಳ್ತಾ ಮಾಡಿ” ಎಂದರು.

“ನಾ ಒಬ್ಬನ ಮಾತಾಡಬೇಕೇನ್ರಿ?”

“ಹೂಂ. ಗಟ್ಟಿಯಾಗಿ.”

“ಬ್ಯಾಡ ಬಿಡಬೇ ಯವ್ವಾ. ಈ ಸುದ್ದಿ ನಮ್ಮ ಮನ್ಯಾಕಿಗೆ ಮುಟ್ಟಿದ್ರ ನಾಳಿಗೇ ಗುಡಿಗೆ ಎಳಕೊಂಡು ಹೋಗಿ ಬೇವಿನ ಸೊಪ್ಪಿಲೆ ಹೊಡಸ್ತಾಳ.”

ಎಲ್ಲರೂ ನಕ್ಕೆವು. ಆಮೇಲೆ ನಗು ನಿಂತಿತು. ಪರದೆಯ ನಡುವೆ ಬಿಳಿ ಕೋಟಿನ ಡಾಕ್ಟರ ದೊಡ್ಡ ಚಿತ್ರ. ಚೀಟಿ ಬರಲು ಒತ್ತಬೇಕಾದ ಹಸಿರು ಗುಂಡಿ ಬಲಗಡೆ ಕೆಳಗೆ, ಮೂಲೆಯಲ್ಲಿ. ಅಜ್ಜ ಡಾಕ್ಟರ ಚಿತ್ರವನ್ನೇ ನೋಡುತ್ತ ಕುಳಿತರು, ಅದನ್ನೇ ಮುಟ್ಟಿದರು, ಕೈಮುಗಿದೂ ನೋಡಿದರು. ಹತ್ತು ನಿಮಿಷದಲ್ಲಿ ಅವರ ಅಂಗಿಯ ಬೆನ್ನು ಒದ್ದೆಯಾಯಿತು. ಹೇಗಿದೆ ಯಂತ್ರ ಎಂದು ಕೊನೆಗೆ ಕೇಳಿದಾಗ, “ಭಾಳ ಚಲೋ ಐತ್ರಿ, ಇಂಥಾದ್ದು ಎಲ್ಲೂ ಇಲ್ಲ” ಎಂದರು. ಮನೆಗೆ ಬಂದವರ ಸಾಮಾನನ್ನು ಹಳಿಯುವುದು ನಮ್ಮಲ್ಲಿ ಇಲ್ಲ.

ಮೆಟ್ಟಿಲು ಇಳಿಯುವಾಗ ಅವರು ನನ್ನ ರಟ್ಟೆ ಹಿಡಿದು ನಿಲ್ಲಿಸಿದರು. “ಲೇ ತಮ್ಮಾ, ನನ್ನ ಮರ್ಯಾದಿ ತಗ್ಯಾಕ ಕರಕೊಂಡು ಬಂದ್ಯೇನಲೇ? ಕಾರಿನ್ಯಾಗ ಬಂದೋರ ಮುಂದ ಕುರಿ ನಿಂತಂಗ ನಿಂದ್ರಿಸಿದೆಲ್ಲೋ.”

ಆ ಮಾತು ನನಗೆ ಚುಚ್ಚಿತು. ಮಾರನೆಯ ದಿನದಿಂದ ನಾನು ಜನರನ್ನು ಆಟೋದಲ್ಲಿ ಹತ್ತಿಸಿಕೊಂಡು ಬರುವಾಗ ದಾರಿಯುದ್ದಕ್ಕೂ ಹೇಳಿಕೊಡತೊಡಗಿದೆ. ಡಾಕ್ಟರನ ಮುಖ ನೋಡಬೇಡಿ, ಬಲಗೈ ಕೆಳಗಿನ ಮೂಲೆ, ಹಸಿರು, ಒತ್ತಿ ಬಿಡಿ. ಹಡಗಲಿಯಲ್ಲಿ ಹೇಳಿಕೊಟ್ಟೆ, ಹಗರಿಬೊಮ್ಮನಹಳ್ಳಿಯಲ್ಲಿ ಹೇಳಿಕೊಟ್ಟೆ, ಹರಪನಹಳ್ಳಿ, ಕೂಡ್ಲಿಗಿಗಳಲ್ಲೂ. ಒಳಗೆ ಕೂತಾಗ ಮಾತ್ರ ನಿಯಮದಂತೆ ತುಟಿ ಬಿಗಿದು ಕೂರುತ್ತಿದ್ದೆ. ನಾನು ಮಾಡುತ್ತಿರುವುದು ಮೋಸ ಎಂದು ನನಗೆ ಅನಿಸಲೇ ಇಲ್ಲ. ನಮ್ಮ ಮನೆಯಲ್ಲಿ ನಾವು ಮಾಡಿಕೊಂಡು ಬಂದದ್ದೇ ಅದು.

ತಂಗಿಯನ್ನು ನೋಡಲು ಮೊದಲ ಸಲ ಗಂಡಿನವರು ಬಂದಾಗ ಅವಳಿಗೆ ಹತ್ತೊಂಬತ್ತು. ಚಹಾದ ತಟ್ಟೆ ಹಿಡಿದು ಬಂದವಳು, ಪಕ್ಕದಲ್ಲಿ ಕಾಲು ಚಾಚಿ ಕೂತಿದ್ದ ಹಿರಿಯರ ಮೊಣಕಾಲಿಗೆ ಎಡವಿ ಅವರ ಪಂಚೆಯ ಮೇಲೆ ಬಿಸಿ ಚಹಾ ಚೆಲ್ಲಿದಳು. ಆ ಸಂಬಂಧ ಅಲ್ಲಿಗೇ ಮುಗಿಯಿತು. “ಮುಂದ ನೋಡ್ಕೊಂಡು ನಡಿ ಅಂದ್ರ ಬರೇ ಅವಸರ ನಿಂದು” ಎಂದು ಅವ್ವ ಬೈದಳು. ಎರಡನೆಯ ಸಲ ಬರುವವರಿದ್ದಾಗ ಅವ್ವ ಹಿಂದಿನ ದಿನವೇ ಪಡಸಾಲೆಯಲ್ಲಿ ಜಮಖಾನೆ ಹಾಸಿ ಅಭ್ಯಾಸ ಮಾಡಿಸಿದಳು. ಅಡುಗೆಮನೆಯ ಹೊಸ್ತಿಲಿನಿಂದ ಏಳು ಹೆಜ್ಜೆ, ಅಲ್ಲಿ ಬಗ್ಗು, ಬಲಕ್ಕೆ ಎರಡು ಹೆಜ್ಜೆ, ಅಲ್ಲಿ ಬಗ್ಗು. ನಾನು ಗಂಡಿನ ತಂದೆಯಾಗಿ ಕೂರುತ್ತಿದ್ದೆ.

“ಲೇ, ನಿಮ್ಮ ಮಾವ ನಾನು, ನೆಟ್ಟಗ ಕೊಡು” ಎನ್ನುತ್ತಿದ್ದೆ.

“ಇಂಥಾ ಮಾವ ಇದ್ರ ನಾನು ಕುರಿ ಕೂಡನ ಇರ್ತೀನಿ ಬಿಡೋ ಅಣ್ಣ” ಎನ್ನುತ್ತಿದ್ದಳು. ಆದರೆ ಕಲಿತಳು. ಏನು ಕಲಿಸಿದರೂ ಕೂಡಲೇ ಹಿಡಿಯುತ್ತಿದ್ದಳು.

ಅದು ಅವಸರ ಅಲ್ಲವೆಂದು ನನಗೆ ಗೊತ್ತಿತ್ತು. ಹೊತ್ತು ಮುಳುಗುವಾಗ ಮಂದೆಯ ಜೊತೆ ವಾಪಸ್ಸು ಬರುವಾಗ ಅವಳು ಒಂದು ಟಗರಿನ ಬೆನ್ನಿನ ಉಣ್ಣೆ ಹಿಡಿದೇ ನಡೆಯುತ್ತಿದ್ದಳು. ಕುರಿಗಳನ್ನು ಮುಖ ನೋಡಿ ಗುರುತಿಸುವುದನ್ನು ಬಿಟ್ಟು ಕಿವಿಯ ಕಚ್ಚು ಸವರಿ ಗುರುತಿಸುತ್ತಿದ್ದಳು. ಯಾರಾದರೂ ಮಗ್ಗುಲಿಗೆ ಬಂದು ನಿಂತರೆ, ಮಾತಾಡಿಸುವವರೆಗೆ ಅವಳಿಗೆ ತಿಳಿಯುತ್ತಿರಲಿಲ್ಲ. ನಾನು ನೋಡಿದ್ದೆ, ಅವ್ವನೂ ನೋಡಿದ್ದಳು. ನಾವಿಬ್ಬರೂ ಆ ಒಂದು ಮಾತನ್ನು ಮಾತ್ರ ಬಾಯಿಂದ ತೆಗೆಯಲಿಲ್ಲ. ಕಣ್ಣು ಎಂದು ಒಮ್ಮೆ ಅಂದರೆ ಸುದ್ದಿ ಊರು ದಾಟುತ್ತದೆ, ಆಮೇಲೆ ಯಾರೂ ಬರುವುದಿಲ್ಲ.

ಮೇಡಂ ಅವರ ತಂಡ ಕೊಟ್ಟೂರಿಗೆ ಬರುವ ಹೊತ್ತಿಗೆ ಉಚ್ಚಂಗಿದುರ್ಗದ ಕಡೆಯವರೊಬ್ಬರು ತಂಗಿಯನ್ನು ನೋಡಿ ಒಪ್ಪಿಕೊಂಡು ಹೋಗಿದ್ದರು. ಏಳು ಹೆಜ್ಜೆ, ಎರಡು ಹೆಜ್ಜೆ ಸರಿಯಾಗಿ ಬಿದ್ದಿದ್ದವು. ಅವ್ವ ದೇವಿಯ ಮುಂದೆ ಹೂವು ಕೇಳಿಸಿದಳು, ಹೂವು ಬಲಕ್ಕೆ ಬಿತ್ತು. ದಿನ ಗೊತ್ತುಮಾಡುವುದೊಂದು ಬಾಕಿ.

ಹಾಗಿರುವಾಗ ತಂಗಿಯನ್ನು ಆ ಕೋಣೆಗೆ ಯಾಕೆ ಕರೆದುಕೊಂಡು ಹೋದೆ? ಅವಳೇ ಕೇಳಿದಳು. ದಿನವೂ ಯಂತ್ರದ ಸುದ್ದಿಯನ್ನು ನನ್ನ ಬಾಯಿಂದ ಕೇಳಿ ಕೇಳಿ, “ನಾನೂ ಒಂದು ಸಲ ಒತ್ತಿ ನೋಡ್ತೀನೋ ಅಣ್ಣ, ಮದಿವಿ ಆದಮ್ಯಾಲ ಎಲ್ಲಿ ಬಿಡ್ತಾರ” ಎಂದಳು. ಕೊಟ್ಟೂರಿನ ಪಟ್ಟಿಯಲ್ಲಿ ಅವಳ ವಯಸ್ಸಿನ ಒಬ್ಬಳು ಬೇಕಿತ್ತು. ಹಾಳೆಯಲ್ಲಿ ಕಣ್ಣಿನ ಪ್ರಶ್ನೆಯ ಮುಂದೆ ನಾನು ‘ಇಲ್ಲ’ ಎಂದು ಬರೆದೆ. ಅವಳನ್ನು ಕೇಳಲಿಲ್ಲ.

ಮನೆಯಲ್ಲಿ ಒಂದು ಬಿಸ್ಕತ್ತಿನ ರಟ್ಟಿನ ಡಬ್ಬಿಯನ್ನು ಪರದೆಯ ಅಳತೆಗೆ ಕತ್ತರಿಸಿ, ಗೋಡೆಗೆ ಒರಗಿಸಿಟ್ಟು, ಮೂಲೆಯಲ್ಲಿ ಇದ್ದಿಲಿನಿಂದ ಗುಂಡಿ ಬರೆದೆ. ಮೇಡಂ ಅವರೂ ಯಂತ್ರ ಮಾಡುವ ಮೊದಲು ರಟ್ಟಿನ ಮೇಲೆಯೇ ಬರೆದು ನೋಡುತ್ತಾರಂತೆ, ಅದು ಆಮೇಲೆ ತಿಳಿಯಿತು. ಎದುರಿಗೆ ಕೂರಿಸಿ, “ಗುಂಡಿ ಎಲ್ಲೈತಿ ತೋರಿಸು” ಎಂದೆ. ಅವಳು ಕತ್ತನ್ನು ಅತ್ತ ಇತ್ತ ಆಡಿಸಿ ಹುಡುಕಿದಳು. ಆ ಹುಡುಕಾಟ ನೋಡುವುದು ನನಗೆ ಆಗಲಿಲ್ಲ. ಅವಳ ಕೈ ಹಿಡಿದು ಹೆಬ್ಬೆರಳನ್ನು ರಟ್ಟಿನ ನಡುವೆ ಇರಿಸಿದೆ. “ಇಲ್ಲಿಂದ ಬಲಕ್ಕ ಒಂದು ಗೇಣು. ಅಲ್ಲಿಂದ ಕೆಳಗ ನಾಕು ಬೆರಳು. ಒತ್ತು.” ನಾಲ್ಕೈದು ಸಲಕ್ಕೆ ಕಣ್ಣು ಮುಚ್ಚಿ ಒತ್ತಿ ತೋರಿಸಿದಳು. ಅವ್ವ ಒಲೆಯ ಮುಂದಿನಿಂದಲೇ, “ಹಂಗ, ಹಂಗ” ಎಂದಳು.

ಕೊಟ್ಟೂರಿನಲ್ಲಿ ನಾವು ಹಿಡಿದಿದ್ದು ಒಂದು ಬಟ್ಟೆ ಅಂಗಡಿಯ ಮೇಲಿನ ಕೋಣೆ. ತಂಗಿ ನಿಶ್ಚಯಕ್ಕೆಂದು ಇಟ್ಟಿದ್ದ ಸೀರೆಯನ್ನೇ ಉಟ್ಟು ಬಂದಿದ್ದಳು. ಮೇಡಂ ಅವಳಿಗೆ ನೀರು ಕೊಟ್ಟರು, ಹೆದರಬೇಡಿ ಎಂದರು, ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತ ಮಾಡಿ ಎಂದರು. ಬೇರೆ ಯಾರೂ ಆ ಮಾತನ್ನು ಪಾಲಿಸಿರಲಿಲ್ಲ, ನಾಚಿಕೊಂಡು ಸುಮ್ಮನಿರುತ್ತಿದ್ದರು. ನನ್ನ ತಂಗಿ ಹೇಳಿದ ಹಾಗೆ ಕೇಳುವವಳು.

ಹೆಬ್ಬೆರಳನ್ನು ಪರದೆಯ ನಡುವೆ ಇಟ್ಟು, ಗಟ್ಟಿಯಾಗಿ ಹೇಳಿದಳು: “ಈಗ ನಡುವಿಂದ ಬಲಕ್ಕ ಒಂದು ಗೇಣು ಹೋಗ್ತೀನ್ರಿ. ಈಗ ಕೆಳಗ ನಾಕು ಬೆರಳು. ಇಲ್ಲಿ ಹಸರು ಗುಂಡಿ ಐತಿ ಅಂತ ಅಣ್ಣ ಹೇಳ್ಯಾನ್ರಿ. ಒತ್ತಿದೆ.”

ಪರದೆ ಬದಲಾಯಿತು. ತಂಗಿ ಖುಷಿಯಿಂದ ನನ್ನ ಕಡೆ ತಿರುಗಿದಳು. ನಾನು ಕೂತಿದ್ದ ಜಾಗಕ್ಕಿಂತ ಒಂದು ಮಾರು ಆಚೆಗೆ ನೋಡಿ ನಕ್ಕಳು.

ಮೇಡಂ ನನ್ನತ್ತ ನೋಡಿದರು. ಪಕ್ಕದವರಿಗೆ ಹೇಳಿ ಪರದೆಯ ಇನ್ನೊಂದು ನಮೂನೆ ತೆರೆಸಿದರು. ಕೂಡ್ಲಿಗಿಯಲ್ಲಿ ಎಲ್ಲರೂ ಸಲೀಸಾಗಿ ಒತ್ತಿದ್ದನ್ನು ನೋಡಿ ಅನುಮಾನ ಬಂದು, ಗುಂಡಿಯನ್ನು ಎಡಗಡೆ ಮೇಲಿನ ಮೂಲೆಗೆ ಹಾಕಿ ಹೊಸದೊಂದು ಮಾಡಿಸಿದ್ದರಂತೆ. ನನಗೆ ಅದು ಗೊತ್ತಿರಲಿಲ್ಲ. ತಂಗಿ ಮತ್ತೆ ಬಲಕ್ಕೆ ಒಂದು ಗೇಣು ಇಟ್ಟು ಖಾಲಿ ಮೂಲೆಯನ್ನು ಒತ್ತಿದಳು. ಮತ್ತೆ ಒತ್ತಿದಳು.

“ಪರದೆ ಮೇಲೆ ಏನು ಕಾಣ್ತಿದೆ ಹೇಳಿ” ಎಂದರು ಮೇಡಂ.

“ಡಾಕ್ಟರು ಅದಾರ್ರಿ. ಅವರ ಮುಖ, ಕೊಳ್ಳಾಗ ಆ ಕೇಳೂ ನಳಿಗಿ.”

“ಹಸಿರು ಗುಂಡಿ?”

“ಅದು ಇನ್ನಾ ಬಂದಿಲ್ರಿ.”

ಗುಂಡಿ ಅಲ್ಲೇ ಇತ್ತು, ಅಂಗೈಯಷ್ಟು ದೊಡ್ಡದು. ನಾನು ಹಿಂದಿನಿಂದ, “ನಿದ್ದಿ ಇಲ್ರಿ ಆಕಿಗೆ, ಗಾಬರಿ ಆಗ್ಯಾಳ” ಎಂದೆ. ಆ ಕೋಣೆಯಲ್ಲಿ ಅಲ್ಲಿಯವರೆಗೆ ನಾನು ಒಂದು ಮಾತೂ ಆಡಿರಲಿಲ್ಲ. ಮೇಡಂ ಕೈಯೆತ್ತಿ ನನ್ನನ್ನು ತಡೆದರು. ಎದ್ದು ಬಂದು ತಂಗಿಯ ಎದುರಿಗೆ ಕೂತು, ನನ್ನ ಮೂಗನ್ನೇ ನೋಡಿ ಎಂದು ಹೇಳಿ, ತಮ್ಮ ಬೆರಳನ್ನು ಅವಳ ಕಿವಿಯ ಪಕ್ಕದಿಂದ ಮೆಲ್ಲಗೆ ಮುಂದಕ್ಕೆ ತಂದರು. ಬೆರಳು ಕಂಡ ಕೂಡಲೇ ಹೂಂ ಅನ್ನಬೇಕು. ಬೇರೆಯವರಿಗಾದರೆ ಆ ಬೆರಳು ಕಿವಿ ದಾಟಿದ ಕೂಡಲೇ ಕಾಣುತ್ತದೆ. ತಂಗಿ ಹೂಂ ಎಂದಾಗ ಅದು ಮೇಡಂ ಅವರ ಕೆನ್ನೆಯ ಹತ್ತಿರಕ್ಕೆ ಬಂದಿತ್ತು. ಇನ್ನೊಂದು ಕಡೆಯೂ ಅಷ್ಟೇ.

ತಂಗಿಯನ್ನು ಚಹಾ ಕುಡಿಯಲು ಕೆಳಗೆ ಕಳಿಸಿದರು. ಮೆಟ್ಟಿಲಿನವರೆಗೆ ಕೈ ಹಿಡಿದು ಅವರೇ ಬಿಟ್ಟುಬಂದರು.

“ನಮ್ಮ ತಂದೆಗೂ ಹೀಗೇ ಆಗಿತ್ತು” ಎಂದರು. “ನಾನು ಡಾಕ್ಟರ್ ಅಲ್ಲ. ಆದರೆ ಇದನ್ನ ನೋಡಿದ್ದೀನಿ. ಅಂಚಿನಿಂದ ಹೋಗ್ತಾ ಬರುತ್ತೆ, ನಡು ಮಾತ್ರ ಉಳಿದಿರುತ್ತೆ, ಅದಕ್ಕೇ ಅವರಿಗೇ ತಿಳಿಯಲ್ಲ. ಹೋದದ್ದು ವಾಪಸ್ ಬರಲ್ಲ. ಇರೋದನ್ನ ಔಷಧ ಹಾಕಿ ಉಳಿಸ್ಕೊಳ್ಳಬಹುದು. ತಡ ಮಾಡಬೇಡಿ.” ಹಾಳೆ ಹರಿದು ಡಾಕ್ಟರ ವಿಳಾಸ ಬರೆದುಕೊಟ್ಟರು.

ನಾನು ಕೇಳಿದ್ದು ಒಂದೇ ಮಾತು. “ಮೇಡಂ, ಇದು ಹೊರಗ ಹೋಗಂಗಿಲ್ಲಲ್ರಿ? ಹುಡುಗಿ ಲಗ್ನ ಐತಿ.”

ಯಾರ ಹೆಸರನ್ನೂ ಎಲ್ಲೂ ಬರೆಯುವುದಿಲ್ಲ, ಅದು ನಮ್ಮ ಕೆಲಸದ ನಿಯಮ ಎಂದರು. ಆಮೇಲೆ, “ಬೇರೆಯವರಿಗೂ ಹೀಗೆ ಹೇಳಿಕೊಟ್ಟಿದ್ದೀರಾ?” ಎಂದು ಕೇಳಿದರು.

“ಇಲ್ರಿ. ದೇವರಾಣಿ. ತಂಗಿ ಅಂತ ಇವತ್ತೊಂದ ದಿನ.”

ಮೇಡಂ ನಂಬಿದರೋ, ನಂಬದೆ ಬೇರೆ ದಾರಿ ಇರಲಿಲ್ಲವೋ. ತಂಗಿಯ ಹಾಳೆಯ ಮೇಲೆ ಅಡ್ಡಗೆರೆ ಎಳೆದು ಬೇರೆ ಇಟ್ಟರು. ಹೇಳಿಸಿಕೊಂಡು ಬಂದವರ ಲೆಕ್ಕ ಹಿಡಿಯುವುದಿಲ್ಲವಂತೆ. ಆ ಐದು ಊರಿನ ಹಾಳೆಗಳಲ್ಲಿ ನಿಜ ಹೇಳಿದ್ದು ಆ ಅಜ್ಜನದು ಮತ್ತು ಅವಳದು, ಎರಡೇ. ಅವಳದನ್ನು ತೆಗೆದುಹಾಕಿದರು. ಉಳಿದವೆಲ್ಲ ನಾನು ಬಾಯಿಪಾಠ ಮಾಡಿಸಿದವು.

ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿ ಇಟ್ಟೆ. ಆಟೋ ಹತ್ತಿದ ಮೇಲೆ ತಂಗಿ ಕೇಳಿದಳು.

“ಏನಂದ್ರೋ ಅಣ್ಣ ಮೇಡಂ? ಪಾಸಾ ಫೇಲಾ?”

“ಪಾಸು. ಭಾಳ ಶ್ಯಾಣ್ಯಾಕಿ ಅಂದ್ರು.”

“ಖರೇನ?”

“ಖರೇನ. ಇಂಥಾಕಿನ್ನ ಐದೂ ಊರಾಗ ನೋಡಿಲ್ಲ ಅಂದ್ರು.”

ಅವಳು ಸೀರೆಯ ಸೆರಗನ್ನು ಬಾಯಿಗೆ ಹಿಡಿದು ನಕ್ಕಳು. ನಾಲ್ಕನೆಯ ತರಗತಿಗೆ ಶಾಲೆ ಬಿಡಿಸಿದ್ದೆವು. ಹೊರಗಿನವರು ಅವಳನ್ನು ಜಾಣೆ ಎಂದದ್ದು ಅದೇ ಮೊದಲು. ಮನೆಗೆ ಹೋಗಿ ಅವ್ವನಿಗೆ ಹೇಳಿದಳು, ಓಣಿಯಲ್ಲಿ ಹೇಳಿದಳು, ಮದುವೆಯ ಚಪ್ಪರದಲ್ಲಿ ಬಳೆ ತೊಡಿಸುವವಳಿಗೂ ಹೇಳಿದಳು.

ಚೀಟಿಯ ವಿಷಯ ಅವ್ವನಿಗೆ ಹೇಳಿದೆ. ಹೇಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವ್ವ ಹಿಟ್ಟು ನಾದುವುದನ್ನು ನಿಲ್ಲಿಸಿ, “ದೇವಿ ಬಲಕ್ಕ ಹೂವು ಕೊಟ್ಟಾಳ. ಲಗ್ನ ಆದಮ್ಯಾಲ ತೋರಿಸಿದ್ರಾತು” ಎಂದಳು. ನನಗೂ ಅದೇ ಬೇಕಾಗಿತ್ತು. ಆದರೆ ಅವ್ವನಿಗೆ ನಾನು ಅರ್ಧ ಮಾತ್ರ ಹೇಳಿದ್ದೆ. ಹೋದದ್ದು ವಾಪಸ್ ಬರುವುದಿಲ್ಲ ಎಂಬ ಮಾತನ್ನು ನುಂಗಿಕೊಂಡಿದ್ದೆ. ಅದನ್ನು ಕೇಳಿಯೂ ಅವ್ವ ಹಾಗೇ ಅನ್ನುತ್ತಿದ್ದಳೋ ಏನೋ, ಇನ್ನು ತಿಳಿಯುವ ಹಾಗಿಲ್ಲ. ಅವ್ವ ಈಗ ಇಲ್ಲ.

ಮೇಡಂ ಎರಡು ಸಲ ಫೋನ್ ಮಾಡಿದರು. ಮೊದಲ ಸಲ ಎತ್ತಲಿಲ್ಲ. ಎರಡನೆಯ ಸಲ ಎತ್ತಿ, “ತೋರಿಸೀವ್ರಿ ಮೇಡಂ. ಏನೂ ಇಲ್ಲಂತ, ಬರೇ ನಿಶ್ಯಕ್ತಿ ಅಂದ್ರು” ಎಂದೆ. ಆ ಕಡೆಯಿಂದ ಅವರು ದೀರ್ಘ ಉಸಿರು ಬಿಟ್ಟದ್ದು ಕೇಳಿಸಿತು. “ಅಬ್ಬಾ, ಒಳ್ಳೇದಾಯ್ತು. ನಾನೇ ಸುಮ್ಮನೆ ಹೆದರಿಸಿಬಿಟ್ಟೆ, ಕ್ಷಮಿಸಿ” ಎಂದರು. ನನ್ನಲ್ಲಿ ಅವರು ಕ್ಷಮೆ ಕೇಳಿದರು.

ಗಂಡನ ಮನೆಯಲ್ಲಿ ಹೆಜ್ಜೆ ಎಣಿಸಿಕೊಂಡು ಬದುಕುವುದು ಆಗಲಿಲ್ಲ. ದೊಡ್ಡ ಮನೆ, ಹತ್ತಾರು ಜನ, ಇಟ್ಟ ಕೊಡ ಇಟ್ಟಲ್ಲಿ ಇರುತ್ತಿರಲಿಲ್ಲ. ಮೊದಮೊದಲು ಅವಳಿಗೆ ಬಂದ ಹೆಸರು ಸೊಕ್ಕಿನವಳು ಎಂದು. “ಮಗ್ಗುಲಾಗ ಹಿರೇರು ನಿಂತ್ರೂ ಕಣ್ಣೆತ್ತಿ ನೋಡಂಗಿಲ್ಲ, ಯಾವ ಊರಿನ ದೊರಿಸಾನಿ ತಂದೀವೋ” ಎಂದು ಅತ್ತೆ ಬಂದವರ ಮುಂದೆಲ್ಲ ಅನ್ನುತ್ತಿದ್ದರಂತೆ. ತಂಗಿ ನನಗೆ ಫೋನಿನಲ್ಲಿ, “ನಾ ಯಾರನ್ನೂ ಕಡಿಗಣಸಂಗಿಲ್ಲೋ ಅಣ್ಣ, ಅವರ ಸುಳಿವಿಲ್ದ ಬಂದು ನಿಂದರ್ತಾರ” ಎನ್ನುತ್ತಿದ್ದಳು. ಹೊಂದಿಕೊಂಡು ಹೋಗು ಎನ್ನುತ್ತಿದ್ದೆ. ಆಗಲಾದರೂ ಚೀಟಿ ತೆಗೆಯಬಹುದಿತ್ತು. ತೆಗೆದರೆ ನಾವು ಗೊತ್ತಿದ್ದೇ ಕೊಟ್ಟೆವು ಎಂದಾಗುತ್ತದೆ ಎಂದು ಹೆದರಿದೆ. ಒಂದು ಸುಳ್ಳಿನ ಮರ್ಯಾದೆ ಕಾಯಲು ಇನ್ನೊಂದು ವರ್ಷ ಕಳೆದೆ.

ಕೊನೆಗೆ ಅವಳನ್ನು ದಾವಣಗೆರೆಗೆ ಕರೆದುಕೊಂಡು ಹೋದವನು ಅವಳ ಗಂಡ. ಕೆಟ್ಟವನಲ್ಲ. ಹಿತ್ತಲಲ್ಲಿ ಕಟ್ಟಿದ್ದ ಎಮ್ಮೆಗೆ ಡಿಕ್ಕಿ ಹೊಡೆದು ಅವಳು ಬಿದ್ದ ದಿನ ಅವನಿಗೆ ಅನುಮಾನ ಬಂದಿತ್ತು. ನನ್ನನ್ನೂ ಬರಹೇಳಿದ್ದ. ಡಾಕ್ಟರು ಅವಳ ಒಂದೊಂದೇ ಕಣ್ಣಿಗೆ ಯಂತ್ರ ಹಿಡಿದು ನೋಡಿ, ಎಷ್ಟು ದಿನದಿಂದ ಹೀಗೆ ಎಂದು ಕೇಳಿದರು.

“ಗೊತ್ತಿಲ್ರಿ. ಎಲ್ಲಾರಿಗೂ ಇಷ್ಟ ಕಾಣ್ತೈತಿ ಅಂತ ತಿಳಿದಿದ್ನಿರಿ” ಎಂದಳು ತಂಗಿ.

ಬಲಗಣ್ಣು ಪೂರ್ತಿ ಹೋಗಿತ್ತು. ಎಡಗಣ್ಣಿನಲ್ಲಿ ಬಾಗಿಲ ಸಂದಿಯಷ್ಟು ಉಳಿದಿತ್ತು. ಎರಡು ವರ್ಷದ ಹಿಂದೆ ಬಂದಿದ್ದರೆ ಎಂದು ಡಾಕ್ಟರು ಮಾತು ತೆಗೆದರು, ಅವಳ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ಅವಳ ಗಂಡ ನನ್ನ ಕಡೆ ತಿರುಗಿದ. “ನಿಮಗ ಗೊತ್ತಿತ್ತೇನ್ರಿ?” ಎಂದ. ಇಲ್ಲ ಎಂದೆ. ತಂಗಿ ಪಕ್ಕದಲ್ಲೇ ಇದ್ದಳು. “ಅಣ್ಣಗ ಹೆಂಗ ಗೊತ್ತಾಗತೈತ್ರಿ, ನನಗ ಗೊತ್ತಿಲ್ಲಾಂದ್ರ” ಎಂದು ನನ್ನ ಪರವಾಗಿ ಅವನ ಮೇಲೆ ಸಿಟ್ಟಾದಳು.

ಆ ವರ್ಷದ ಕೊನೆಗೆ ಅವಳು ನಮ್ಮ ಮನೆಗೆ ವಾಪಸ್ಸು ಬಂದಳು. ಯಾರೂ ಜಗಳ ಆಡಲಿಲ್ಲ. ಗಂಡನ ಮನೆಯವರು ಬಟ್ಟೆಯ ಗಂಟು ಸಹಿತ ತಂದು ಬಿಟ್ಟರು, ನೀರು ಕುಡಿದರು, ಹೋದರು.

ಎರಡು ತಿಂಗಳಿಗೊಮ್ಮೆ ನಾನು ಅವಳನ್ನು ಹತ್ತಿರದ ಒಂದು ಆಸ್ಪತ್ರೆಗೆ ಒಯ್ಯುತ್ತೇನೆ. ಹೊರಗಿನಿಂದ ಕಣ್ಣಿನ ಡಾಕ್ಟರು ಅಲ್ಲಿಗೆ ಬರುತ್ತಾರೆ. ಮೊದಲ ದಿನ ಬಾಗಿಲು ದಾಟಿದವನು ನಿಂತುಬಿಟ್ಟೆ. ಒಳಗೆ ಆ ಯಂತ್ರ ನಿಂತಿತ್ತು. ಬಿಳಿ ಕೋಟಿನ ಅದೇ ಡಾಕ್ಟರ ಚಿತ್ರ, ಹಸಿರು ಗುಂಡಿ ಬಲಗಡೆ ಕೆಳಗೆ. ಐದು ಊರಿನ ಜನರಿಗೆ ಅದೇ ಅನುಕೂಲ ಎಂದು ತೀರ್ಮಾನವಾಗಿತ್ತಲ್ಲ. ಮುಂದೆ ಏಳೆಂಟು ಜನ ನಿಂತು ಡಾಕ್ಟರ ಮುಖವನ್ನು ಒತ್ತುತ್ತಿದ್ದರು. ಒಬ್ಬ ಮುದುಕಿ, “ಇವನ ಮಾರಿಗಿಷ್ಟು, ಮಾತ ಆಡವಲ್ಲ” ಎಂದು ಬೈಯುತ್ತಿದ್ದಳು.

ಏನದು ಎಂದು ತಂಗಿ ಕೇಳಿದಳು. ಹೇಳಿದೆ. ಅವಳ ಮುಖ ಅರಳಿತು. ಜನರನ್ನು ಸರಿಸಿಕೊಂಡು ಹೋಗಿ, ಉಳಿದ ಸಂದಿಯಲ್ಲಿ ಡಾಕ್ಟರ ಮುಖವನ್ನು ಹಿಡಿದು, ಅಲ್ಲಿ ಹೆಬ್ಬೆರಳು ಇಟ್ಟಳು. ಬಲಕ್ಕೆ ಒಂದು ಗೇಣು, ಕೆಳಗೆ ನಾಲ್ಕು ಬೆರಳು. ಯಂತ್ರ ಕರ್ರೆಂದು ಚೀಟಿ ಉಗುಳಿತು.

“ಯವ್ವಾ, ನನಗೂ ಒಂದು ತಗದು ಕೊಡ” ಎಂದಳು ಮುದುಕಿ. ತೆಗೆದುಕೊಟ್ಟಳು. ಇನ್ನೊಬ್ಬರಿಗೂ ಕೊಟ್ಟಳು. “ಹೆಂಗ ಕಲ್ತಿ ತಾಯಿ ಇದನ್ನ?” ಎಂದು ಯಾರೋ ಕೇಳಿದರು.

“ನಮ್ಮಣ್ಣ ಕಲಿಸ್ಯಾನ್ರಿ. ಬೆಂಗಳೂರ ಮೇಡಂ ನನಗ ಶ್ಯಾಣ್ಯಾಕಿ ಅಂದಿದ್ರು.”

ಆಮೇಲೆ ಪ್ರತಿ ಸಲವೂ ಅದೇ ಆಯಿತು. ಅಲ್ಲಿಯ ಆಯಾ ಅವಳನ್ನು ಕಂಡರೆ, “ಬಂದ್ಲು ನೋಡ್ರಿ ಚೀಟಿಯಾಕಿ, ಸಾಲು ಹಚ್ಚರಿ” ಎನ್ನುತ್ತಾಳೆ. ತಂಗಿಗೆ ಆಸ್ಪತ್ರೆಗೆ ಹೋಗುವುದೆಂದರೆ ಈಗಲೂ ಒಂದು ಸಡಗರ. ಹೊರಡುವ ಮೊದಲು ನಾನು ಪ್ಲಾಸ್ಟಿಕ್ ಚೀಲದಿಂದ ಆ ಹಳೆಯ ಕಾಗದವನ್ನು ತೆಗೆದು ಅಂಗಿಯ ಕಿಸೆಯಲ್ಲಿ ಇಟ್ಟುಕೊಳ್ಳುತ್ತೇನೆ. ಇವತ್ತು ಹೇಳಿಬಿಡಬೇಕು ಎಂದುಕೊಂಡೇ ಹೋಗುತ್ತೇನೆ. ಬರುವಾಗ ಮತ್ತೆ ಚೀಲದಲ್ಲಿ ಇಡುತ್ತೇನೆ. ಮಡಿಕೆಗಳು ಸವೆದು, ವಿಳಾಸದ ಸಾಲು ಎರಡು ತುಂಡಾಗಿದೆ.

ಹೋದ ಸಲ ಡಾಕ್ಟರನ್ನು ಕಾಣುವ ಮೊದಲು ಅವಳು ಯಂತ್ರದ ಮುಂದೆ ನಿಂತವಳು ಕೈ ಎತ್ತಿ, ಹಾಗೇ ನಿಲ್ಲಿಸಿದಳು. ಹಿಂದೆ ಜನ ಕಾಯುತ್ತಿದ್ದರು. ಗಾಜನ್ನು ಒಂದು ಕಡೆ ಮುಟ್ಟಿದಳು, ಇನ್ನೊಂದು ಕಡೆ ಮುಟ್ಟಿದಳು. ಆಮೇಲೆ, ಯಾರಿಗೂ ಕೇಳಿಸದ ಹಾಗೆ, ನಾನು ಯಾವ ಪಕ್ಕಕ್ಕಿದ್ದೇನೆಂದು ತಿಳಿಯದೆ ಎರಡೂ ಪಕ್ಕಕ್ಕೆ ಕತ್ತು ತಿರುಗಿಸಿ ಕೇಳಿದಳು.

“ಅಣ್ಣಾ, ನಡು ಎಲ್ಲೈತೋ?”

ಅವಳ ಹೆಬ್ಬೆರಳನ್ನು ಹಿಡಿದು ಡಾಕ್ಟರ ಮುಖದ ಮೇಲೆ ಇಟ್ಟೆ. ಅಲ್ಲಿಂದ ಮುಂದಕ್ಕೆ ಅವಳೇ ಗೇಣು ಹಾಕಿದಳು. ಚೀಟಿ ಬಂತು. ಹರಿದು ನನ್ನ ಕಡೆ ಚಾಚಿ, “ಓದು, ಏನ್ ಬರದಾರ” ಎಂದಳು. ನಂಬರನ್ನೂ ಕೋಣೆಯನ್ನೂ ಓದಿದೆ.

“ಮತ್ತೇನೈತಿ?”

“ಅಷ್ಟ ಐತಿ” ಎಂದೆ.